ಇನ್‌ಲೈನ್‌ನಿಂದ ಶಾರ್ಟ್ ಟ್ರ್ಯಾಕ್‌ಗೆ: ನಮ್ಮ ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ಐಸ್ ಮ್ಯಾಲಿನ ದಾರಿ ಹೆಂಗ?

ಉಣಕಲ್_ಪಾಲಕ
ಎಲ್ಲಾರಿಗೂ ನಮಸ್ಕಾರ್ರಿ. ಹುಡುಗಿಗೆ 13 ವರ್ಷ. ಇನ್‌ಲೈನ್‌ನಾಗ (ಒಂದೇ ಸಾಲಿನ ಚಕ್ರದ ಸ್ಕೇಟ್) ರಾಜ್ಯ ಮಟ್ಟಕ್ಕ ಆಡ್ಯಾಳ, 500 ಮತ್ತ 1000 ಮೀಟರ್ ಆಕಿ ಓಡೋ ದೂರ. ಈಗ ಶಾರ್ಟ್ ಟ್ರ್ಯಾಕ್ ಐಸ್ ಸ್ಪೀಡ್ ಸ್ಕೇಟಿಂಗ್ ಮಾಡ್ತೀನಿ ಅಂತಾಳ. ನಮ್ಮ ಕಡೆ ಐಸ್ ರಿಂಕ್ ಇಲ್ಲ, ಅದು ಎಲ್ಲಾರಿಗೂ ಗೊತ್ತೈತಿ. ಇಲ್ಲೇ ಇದ್ದುಕೊಂಡು ಎಷ್ಟು ತಯಾರಿ ಆಗ್ತದ, ಐಸ್‌ಗೆ ಯಾವಾಗ ಕಳಸಬೇಕು, ಸಾಮಾನು ಏನು ಬೇಕು, ಮುಂದ ಇದರಾಗ ಒಂದು ಬದುಕು ಐತೋ ಇಲ್ಲೋ? ತಿಳಿದವ್ರು ಬಿಚ್ಚಿ ಹೇಳ್ರಿ.

ಎಡತಿರುವು
ಸರ್, ಮೊದಲು ಅಂಕಣದ ಲೆಕ್ಕ ನೋಡಿ, ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. 60 x 30 ಮೀಟರಿನ ಐಸ್ ಅಂಕಣ, ಅದರೊಳಗೆ 111.12 ಮೀಟರಿನ ಓವಲ್. ನೇರ ದಾರಿ 28.85 ಮೀಟರ್, ತಿರುವಿನ ತ್ರಿಜ್ಯ 8 ಮೀಟರ್. ಒಂದೊಂದು ತಿರುವಿಗೆ 7 ಕಪ್ಪು ರಬ್ಬರ್ ಬ್ಲಾಕ್ ಇಡುತ್ತಾರೆ, ಅದರ ಒಳಗೆ ಬ್ಲೇಡ್ ಹೋಗುವಂತಿಲ್ಲ. 500 ಮೀಟರ್ ಎಂದರೆ ನಾಲ್ಕೂವರೆ ಸುತ್ತು, 1000ಕ್ಕೆ 9, 1500ಕ್ಕೆ ಹದಿಮೂರೂವರೆ. ಸುತ್ತಿನ ಅರ್ಧದಷ್ಟು ದೂರ ತಿರುವಿನಲ್ಲೇ ಕಳೆಯುತ್ತದೆ. ಅದೂ ಯಾವಾಗಲೂ ಎಡಕ್ಕೆ.

ಈಗ ವಾಲುವಿಕೆ. ಸುತ್ತಿಗೆ 14 ಸೆಕೆಂಡು ತೆಗೆದುಕೊಳ್ಳುವವರ ವೇಗ ಸೆಕೆಂಡಿಗೆ ಸುಮಾರು 8 ಮೀಟರ್. ಅವರು ಓಡುವ ಸಾಲಿನ ತ್ರಿಜ್ಯ 10 ಮೀಟರ್ ಎಂದು ಹಿಡಿದರೆ ದೇಹ ನೆಟ್ಟಗೆ ನಿಂತ ಸ್ಥಿತಿಯಿಂದ 33 ಡಿಗ್ರಿ ವಾಲಬೇಕು. 11 ಸೆಕೆಂಡಿನ ಸುತ್ತಿಗೆ 45 ಡಿಗ್ರಿ. ಚೀನಾದ ವೂ ಡಾಜಿಂಗ್ 2018ರಲ್ಲಿ 500 ಮೀಟರನ್ನು 39.505 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದಾಗಿನ ಸರಾಸರಿ ವೇಗಕ್ಕೆ ಇದೇ ಲೆಕ್ಕ ಹಾಕಿದರೆ 58 ಡಿಗ್ರಿ ಬರುತ್ತದೆ. 45 ಡಿಗ್ರಿಯಲ್ಲಿ 50 ಕೆ.ಜಿ.ಯ ಹುಡುಗಿಯ ಒಂದೇ ಕಾಲಿನ ಮೇಲೆ 70 ಕೆ.ಜಿ.ಯಷ್ಟು ಭಾರ ಬೀಳುತ್ತದೆ, ಅದೂ ಮಂಡಿ ಆಳವಾಗಿ ಮಡಿಸಿರುವಾಗ. ಚಕ್ರದ ಮೇಲೆ ರಾಜ್ಯ ಮಟ್ಟದಲ್ಲಿ ಗೆದ್ದವರು ಐಸ್‌ನಲ್ಲಿ ಮೊದಲ ತಿಂಗಳು ಹಿಂದೆ ಬೀಳುವುದು ಇಲ್ಲೇ. ನೇರ ದಾರಿಯ ವೇಗ ಅವರಲ್ಲಿದೆ. ಆ ವೇಗವನ್ನು ತಿರುವಿನೊಳಗೆ ಒಯ್ಯುವ ಧೈರ್ಯವೂ ಕಾಲಿನ ಬಲವೂ ಇನ್ನೂ ಬಂದಿರುವುದಿಲ್ಲ.

ಚಕ್ರದಿಂದ ಬಂದವರ ಮೂರು ಚಾಳಿ ಮೊದಲ ದಿನವೇ ಕಾಣುತ್ತವೆ. ಹಿಂದಕ್ಕೆ ತಳ್ಳುವುದು ಮೊದಲನೆಯದು. ಐಸ್‌ನಲ್ಲಿ ಪಕ್ಕಕ್ಕೇ ತಳ್ಳಬೇಕು. ಹಿಂದಕ್ಕೆ ತಳ್ಳಿದರೆ ಬ್ಲೇಡಿನ ಮೂತಿ ಐಸ್ ಕೊರೆದು ಕಾಲು ತಡೆಯುತ್ತದೆ. ಶಾರ್ಟ್ ಟ್ರ್ಯಾಕ್‌ ಬ್ಲೇಡ್ ಬೂಟಿಗೆ ಗಟ್ಟಿಯಾಗಿ ಕೂತಿರುತ್ತದೆ, ಲಾಂಗ್ ಟ್ರ್ಯಾಕ್‌ನ (400 ಮೀಟರಿನ ದೊಡ್ಡ ಓವಲ್‌ನ ಓಟ) ಕ್ಲ್ಯಾಪ್ ಸ್ಕೇಟಿನ ಹಾಗೆ ಹಿಮ್ಮಡಿಯಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಎರಡನೆಯದು ಎತ್ತರದಲ್ಲಿ ಕೂರುವುದು. ಮೂರನೆಯದು ತಿರುವಿನಲ್ಲಿ ಭುಜವನ್ನು ಒಳಕ್ಕೆ ಬೀಳಿಸಿ ಸೊಂಟವನ್ನು ಹೊರಗೆ ಬಿಡುವುದು. ಸೊಂಟ ಒಳಗೆ ಹೋಗಬೇಕು, ಎರಡೂ ಭುಜ ಐಸ್‌ಗೆ ಸಮನಾಗಿ ಉಳಿಯಬೇಕು. ಎಡಗೈ ಐಸ್ ಮುಟ್ಟುವುದು ಸಮತೋಲಕ್ಕೆ ಮಾತ್ರ. ಅದರ ಮೇಲೆ ಭಾರ ಹಾಕಿದರೆ ಬ್ಲೇಡಿನ ಮೇಲಿನ ಒತ್ತಡ ಕಡಿಮೆಯಾಗಿ ಕಾಲು ಜಾರುತ್ತದೆ.

ಗೋಕುಲರೋಡ್_125
ಸರ, ಒಂದು ಮಾತು ಅಡ್ಡ ಹೇಳ್ತೀನಿ. ಇನ್‌ಲೈನ್‌ನಾಗ ಚಲೋ ಇರೋ ಹುಡುಗಿನ್ನ ಯಾಕ ಐಸ್‌ಗೆ ಎಳೀಬೇಕು? 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಾಗ ನಮ್ಮ ಹೆಣ್ಮಕ್ಕಳು, ಗಂಡ್ಮಕ್ಕಳು ಇಬ್ಬರೂ 3000 ಮೀಟರ್ ರಿಲೇಯೊಳಗ ಕಂಚು ತಂದಾರ. ಆನಂದಕುಮಾರ್ ವೇಲ್‌ಕುಮಾರ್ 2025ರಾಗ 1000 ಮೀಟರ್ ಸ್ಪ್ರಿಂಟ್‌ನಾಗ ವಿಶ್ವ ಚಾಂಪಿಯನ್ ಆದ್ರು. ನಮ್ಮ ದೇಶದಾಗ ದಾರಿ ಇರೋದು ಚಕ್ರದ ಮ್ಯಾಲೆ. ಐಸ್‌ಗೇ ಹೋಗೋದಾದ್ರೂ ಲಾಂಗ್ ಟ್ರ್ಯಾಕ್ ಯಾಕ ಬ್ಯಾಡ? ಅಮೆರಿಕಾದ ಎರಿನ್ ಜಾಕ್ಸನ್ ಇನ್‌ಲೈನ್‌ನಿಂದ ಹೋದಾಕಿ, 2022ರ ಬೀಜಿಂಗ್ ಒಲಿಂಪಿಕ್ಸ್‌ನಾಗ 500 ಮೀಟರ್ ಚಿನ್ನ. ಬೆಲ್ಜಿಯಮ್‌ನ ಬಾರ್ಟ್ ಸ್ವಿಂಗ್ಸ್ ಕೂಡ ಚಕ್ರದವ್ರೇ. ನಮ್ಮ ವಿಶ್ವರಾಜ್ ಜಡೇಜಾ ಸೈತ ಲಾಂಗ್ ಟ್ರ್ಯಾಕೇ ಹಿಡಿದ್ರು.

ಎಡತಿರುವು
ಅಣ್ಣಾ, ನಿಮ್ಮ ಮೊದಲ ಮಾತಿಗೆ ನನ್ನದೂ ಪೂರ್ತಿ ಒಪ್ಪಿಗೆ. ಇನ್‌ಲೈನ್ ಬಿಡಬಾರದು. 16 ವರ್ಷದವರೆಗೆ ಎರಡೂ ಒಟ್ಟಿಗೆ ನಡೆಯಬೇಕು, ಓಟದ ಅನುಭವ ಅವಳಿಗೆ ಸಿಗುವುದು ಚಕ್ರದ ಮೇಲೆಯೇ.

ಲಾಂಗ್ ಟ್ರ್ಯಾಕ್ ಮಾತು ಬೇರೆ. ಅದಕ್ಕೆ 400 ಮೀಟರಿನ ಓವಲ್ ಬೇಕು. ನಮ್ಮ ದೇಶದಲ್ಲಿ ಅಂಥ ಕೃತಕ ಅಂಕಣ ಇಲ್ಲ, ಇರುವುದು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಲಡಾಖಿನ ಕೆರೆಗಳು. ಶಾರ್ಟ್ ಟ್ರ್ಯಾಕ್‌ಗೆ ಐಸ್ ಹಾಕಿ ಆಟದ ಅಳತೆಯ ಅಂಕಣ ಸಾಕು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕೆ ಕಟ್ಟಿದ ಡೆಹ್ರಾಡೂನಿನ ಒಳಾಂಗಣ ರಿಂಕ್ ಬಹಳ ವರ್ಷ ಮುಚ್ಚಿತ್ತು. ಅದು ಮತ್ತೆ ತೆರೆದು 2025ರ ಆಗಸ್ಟಿನಲ್ಲಿ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಅಲ್ಲೇ ನಡೆಯಿತು. ಹುಬ್ಬಳ್ಳಿಯಿಂದ ದಿಲ್ಲಿಗೆ ರೈಲು, ಅಲ್ಲಿಂದ ಡೆಹ್ರಾಡೂನ್. ಪಾಸ್‌ಪೋರ್ಟ್ ಇಲ್ಲದೆ ಹೋಗಿ ಬರುವ ಜಾಗ.

ಇನ್ನೊಂದು ಕಾರಣ ಹುಡುಗಿಯ ಸ್ವಭಾವ. ಲಾಂಗ್ ಟ್ರ್ಯಾಕ್‌ನಲ್ಲಿ ಹೆಚ್ಚಿನ ಓಟಗಳಲ್ಲಿ ಇಬ್ಬಿಬ್ಬರು, ಗಡಿಯಾರದ ಎದುರು. ಶಾರ್ಟ್ ಟ್ರ್ಯಾಕ್‌ನಲ್ಲಿ ನಾಲ್ಕೈದು ಜನ ಒಟ್ಟಿಗೆ, ಮೊದಲ ಇಬ್ಬರು ಮುಂದಿನ ಸುತ್ತಿಗೆ. ಗುಂಪಿನಲ್ಲಿ ಓಡುವುದು, ಮುಂದಿನವರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಳ್ಳುವುದು, ಯಾವಾಗ ಹೊರಗಿನಿಂದ ಹೋಗಬೇಕು ಎಂದು ನೋಡುವುದು ಇನ್‌ಲೈನ್ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಅಮೆರಿಕದ ಅಪೊಲೊ ಒನೊ, ಜೆ.ಆರ್. ಸೆಲ್ಸ್ಕಿ ಇಬ್ಬರೂ ಇನ್‌ಲೈನ್‌ನಿಂದಲೇ ಶಾರ್ಟ್ ಟ್ರ್ಯಾಕ್‌ಗೆ ಬಂದವರು. ಒನೊ 2002ರಿಂದ 2010ರವರೆಗೆ 8 ಒಲಿಂಪಿಕ್ ಪದಕ ಗೆದ್ದರು.

ಬೆಟಗೇರಿ_ಬ್ಲೇಡ್
ಸಾಮಾನಿನ ಬಗ್ಗೆ ನಾ ಬರೀತೀನಿ.

ಬೂಟು ಮೊದಲು, ಬ್ಲೇಡು ಆಮ್ಯಾಲೆ. ಶಾರ್ಟ್ ಟ್ರ್ಯಾಕ್ ಬೂಟು ಕಾರ್ಬನ್ ತಳದ್ದು, ಕಣಕಾಲಿನ ಮ್ಯಾಲೆ ತನಕ ಗಟ್ಟಿ. ಇನ್‌ಲೈನ್ ಬೂಟು ಕಣಕಾಲಿನ ಹತ್ರ ಗಿಡ್ಡ ಇರ್ತದ, ಅದಕ್ಕ ಐಸ್ ಬ್ಲೇಡ್ ಹಾಕಿ ಓಡೋದು ಎರಡು ದಿನದ ರುಚಿಗೆ ಸರಿ, ತರಬೇತಿಗೆ ಸರಿ ಅಲ್ಲ. 45 ಡಿಗ್ರಿ ವಾಲಿದಾಗ ಕಣಕಾಲು ಒಳಗ ಕುಸೀತದ, ಬ್ಲೇಡ್ ಸಪಾಟ ಆಗಿ ಹಿಡಿತ ಬಿಡ್ತದ. ಬೆಳೆಯೋ ಮಗುವಿಗೆ ಪಾದದ ಅಳತೆ ಕೊಟ್ಟು ಅಚ್ಚು ಹಾಕಿಸೋ ಬೂಟು ಬ್ಯಾಡ್ರಿ. ಬಿಸಿ ಮಾಡಿ ಕೂಡಿಸೋ ರೆಡಿಮೇಡ್ ಬೂಟು ತಗೋರಿ. ಬೆರಳ ಮುಂದ ಜಾಗ ಬಿಡಬಾರದು. 'ಮುಂದಿನ ವರ್ಷಕ್ಕೂ ಆಗ್ಲಿ' ಅಂತ ಒಂದು ನಂಬರ್ ದೊಡ್ಡದು ತಗೊಂಡ್ರ ಹಿಮ್ಮಡಿ ಎದ್ದು ಆ ವರ್ಷದ ಕಲಿಕಿನ ಹಾಳು. ದೊಡ್ಡವ್ರು ಓಡೋ ಮಟ್ಟದ ಹೊಸ ಬೂಟು-ಬ್ಲೇಡು ಜೋಡಿ ಲಕ್ಷದ ಆಚೆ ಹೋಗ್ತದ, ಅದಕ್ಕ ಮೊದಲ ಎರಡು ವರ್ಷ ಸೀನಿಯರ್ ಮಕ್ಕಳು ಬಿಟ್ಟ ಜೋಡಿ ನೋಡ್ರಿ.

ಬ್ಲೇಡಿನ ದಪ್ಪ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಉದ್ದ ಬೂಟಿನ ಪ್ರಕಾರ 16ರಿಂದ 18 ಇಂಚು ತನಕ, ಸಣ್ಣ ಮಕ್ಕಳಿಗೆ ಇನ್ನೂ ಗಿಡ್ಡ. ಎರಡು ವಕ್ರ ಇರ್ತಾವ ಅದರಾಗ. ಮೂತಿಯಿಂದ ಬಾಲದ ತನಕ ತೊಟ್ಟಿಲ ತಳದಂಗ ಬಾಗಿರೋದು ರಾಕರ್; ಶಾರ್ಟ್ ಟ್ರ್ಯಾಕ್‌ಗೆ ಸಾಮಾನ್ಯ 8ರಿಂದ 11 ಮೀಟರ್ ತ್ರಿಜ್ಯ, ಲಾಂಗ್ ಟ್ರ್ಯಾಕ್‌ಗೆ 20 ದಾಟ್ತದ. ಎರಡನೇದು ಬೆಂಡ್, ಅಂದ್ರ ಬ್ಲೇಡ್ ಎಡಕ್ಕ ಬಗ್ಗಿರೋದು, ತಿರುವಿನಾಗ ಅಂಚು ಉದ್ದಕ್ಕೂ ಐಸ್ ಹಿಡೀಲಿ ಅಂತ. ಸೆಕೆಂಡ್ ಹ್ಯಾಂಡ್ ತಗೊಳೋವಾಗ ಇವೆರಡನ್ನೂ ಗೇಜ್ ಇಟ್ಟು ಅಳೀಲಿಕ್ಕೇ ಬೇಕು. ಹಳೇ ಬ್ಲೇಡ್‌ನಾಗ ನಡು ಭಾಗ ಸವೆದು ರಾಕರ್ ಸಪಾಟ ಆಗಿರ್ತದ, ಕಣ್ಣಿಗೆ ಕಾಣಂಗಿಲ್ಲ.

ಕೂಡಿಸೋದು: ಎರಡೂ ಬ್ಲೇಡ್ ಬೂಟಿನ ನಡುಗೆರೆಗಿಂತ ಎಡಕ್ಕ ಸರೀಬೇಕು. ಬಲಗಾಲಿಗೆ ಅದು ಹೆಬ್ಬೆರಳ ಕಡೆ, ಎಡಗಾಲಿಗೆ ಕಿರುಬೆರಳ ಕಡೆ. ಹಂಗ ಮಾಡದಿದ್ರ ಪೂರ್ತಿ ವಾಲಿದಾಗ ಬೂಟಿನ ಅಂಚೇ ಐಸ್‌ಗೆ ತಾಗಿ ಬ್ಲೇಡ್ ಎದ್ದು ಬಿಡ್ತದ, ಬೀಳೋದು ಖಾತ್ರಿ. ಒಂದು ಸಲಕ್ಕ 1 ಮಿ.ಮೀ. ಅಷ್ಟೇ ಸರಿಸ್ರಿ, ಒಂದೇ ಕಾಲಿನ ಬ್ಲೇಡ್ ಸರಿಸ್ರಿ, 20 ಸುತ್ತು ಓಡಿಸಿ ಆಮ್ಯಾಲೆ ಇನ್ನೊಂದು. ನೇರ ದಾರಿಯಾಗ ಒಂದೇ ಕಾಲಿನ ಮ್ಯಾಲೆ ಸುಮ್ನ ಜಾರಿಸಿ ನೋಡ್ರಿ. ಬ್ಲೇಡ್ ತಾನಾಗೇ ಒಂದು ಕಡೆ ಎಳೀತಿದ್ರ ಜಾಗ ತಪ್ಪೈತಿ ಅಂತ ಅರ್ಥ. ಇಟ್ಟ ಜಾಗಕ್ಕ ಮಾರ್ಕರ್‌ನಿಂದ ಗೆರೆ ಹಾಕ್ರಿ.

ಸಾಣೆ ಮಕ್ಕಳೇ ಕಲೀಬೇಕು. ಐಸ್ ಹಾಕಿ ಆಟದ, ಫಿಗರ್ ಸ್ಕೇಟಿನ ಬ್ಲೇಡಿಗೆ ನಡುವ ತೋಡಿರ್ತಾರ, ಇದಕ್ಕ ಹಂಗಿಲ್ಲ. ತಳ ಪೂರ್ತಿ ಸಪಾಟ, ಎರಡೂ ಅಂಚು 90 ಡಿಗ್ರಿ. ಮಾಲ್ ರಿಂಕ್‌ನಾಗಿನ ಸಾಣೆ ಮಷಿನ್‌ಗೆ ಕೊಟ್ರ ಬ್ಲೇಡ್ ಕೆಡ್ತದ. ಜಿಗ್‌ನಾಗ (ಬ್ಲೇಡ್ ಹಿಡಿದಿಡೋ ಚೌಕಟ್ಟು) ಎರಡೂ ಬ್ಲೇಡ್ ತಲೆಕೆಳಗ ಜೋಡಿಸಿ ಸಮಮಟ್ಟ ಮಾಡ್ರಿ. ಒರಟು ಕಲ್ಲಿಗೆ ತೆಳ್ಳಗ ಎಣ್ಣಿ ಹಚ್ಚಿ ಎರಡೂ ಬ್ಲೇಡಿನ ಮ್ಯಾಲೆ ಅಡ್ಡ ಇಟ್ಟು, ಮೂತಿಯಿಂದ ಬಾಲಕ್ಕ ಒಂದೇ ಭಾರದಾಗ ಎಳೀರಿ. ನಡುವ ಒತ್ತಿದ್ರ ರಾಕರ್ ಹೋಗ್ತದ. ಅಂಚಿನಾಗ ಬೆರಳಿಗೆ ತೆಳ್ಳಗ ಚೂರು ತಾಗ್ಲಿಕ್ಕೆ ಹತ್ತಿದ್ರ ಸಾಕು, ಆಮ್ಯಾಲೆ ನುಣುಪು ಕಲ್ಲು. ಕೊನಿಗೆ ಸಣ್ಣ ಬರ್ ಕಲ್ಲು ಬ್ಲೇಡಿನ ಪಕ್ಕಕ್ಕ ಸಪಾಟ ಇಟ್ಟು ಆ ಚೂರು ತೆಗೀಬೇಕು. ಉಗುರು ಅಂಚಿನ ಮ್ಯಾಲೆ ಅಡ್ಡ ಎಳೆದ್ರ ಉಗುರಿನ ಪುಡಿ ಬರಬೇಕು. ಒಂದು-ಎರಡು ಸೆಷನ್‌ಗೆ ಒಮ್ಮೆ ಇದು ಆಗಲೇಬೇಕು.

ಹಾವೇರಿ_ಪಿಇ
ಬೆಟಗೇರಿಯವರೆ, ಚಕ್ರದ ಹೆಲ್ಮೆಟ್ಟೇ ನಡೆಯುತ್ತದೆಯೇ ಎಂದು ಬಹಳ ಪಾಲಕರು ಕೇಳುತ್ತಾರೆ. ಅದನ್ನೂ ಬರೆದುಬಿಡಿ.

ಬೆಟಗೇರಿ_ಬ್ಲೇಡ್
ನಡೆಯಂಗಿಲ್ರಿ ಮೇಡಂ. ಶಾರ್ಟ್ ಟ್ರ್ಯಾಕ್‌ಗೆ ಎಎಸ್‌ಟಿಎಂ ಎಫ್1849 ಅಂತ ಗುರುತು ಇರೋ ಹೆಲ್ಮೆಟ್ ಬೇಕು, ಸೈಕಲ್ ನಮೂನಿ ಉದ್ದ ತೂತಿನವು ನಡೆಯಂಗಿಲ್ಲ, ಬ್ಲೇಡ್ ಮೂತಿ ಒಳಗ ತೂರ್ತದ. ಕುತ್ತಿಗಿಗೆ ಕೊಯ್ಯದ ಬಟ್ಟಿಯ ಬಿಬ್. ಕೈಗವಸು ಕೊಯ್ಯದಂಥಾದ್ದು, ಎಡಗೈ ಬೆರಳ ತುದಿಗೆ ಗಟ್ಟಿ ಟಿಪ್ಪು, ಇಲ್ಲಂದ್ರ ಐಸ್ ಮುಟ್ಟಿದಾಗ ಬೆರಳು ಸಿಕ್ಕೊಂಡು ತಿರುಚ್ತದ. ಮೊಣಕಾಲಿಗೆ ಪ್ಯಾಡು, ಶಿನ್ ಗಾರ್ಡು, ಮೈಗೆ ಕೊಯ್ಯದ ನೂಲಿನ ಒಳಸೂಟು. ಬ್ಲೇಡಿನ ಬಾಲ ಕನಿಷ್ಠ 10 ಮಿ.ಮೀ. ತ್ರಿಜ್ಯಕ್ಕ ದುಂಡಗ ಇರಬೇಕು, ಇದು ನಿಯಮ, ಓಟಕ್ಕ ಮುಂಚೆ ನೋಡ್ತಾರ.

ಸೂಟಿಗೆ ದುಡ್ಡು ಉಳಿಸಬ್ಯಾಡ್ರಿ. ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿಗೆ 1994ರಾಗ ಇನ್ನೊಬ್ಬರ ಬ್ಲೇಡ್ ತೊಡಿಗೆ ಹೊಕ್ಕು 111 ಹೊಲಿಗಿ ಬಿದ್ದಿದ್ವು. ಸೆಲ್ಸ್ಕಿಗೆ 2009ರ ಆಯ್ಕೆ ಓಟದಾಗ ಸ್ವಂತ ಬ್ಲೇಡೇ ತೊಡಿ ಕೊಯ್ದಿತ್ತು.

ರಾಣೆಬೆನ್ನೂರು_ಫಿಸಿಯೊ
ಬೀಳುವುದನ್ನು ಮೊದಲ ವಾರವೇ ಕಲಿಸಬೇಕು, ಬಿದ್ದಮೇಲಲ್ಲ. ಜಾರಿದ ಕ್ಷಣ ಕೂತುಬಿಡಬೇಕು, ಎರಡೂ ಮಂಡಿ ಮಡಿಸಿ ಬ್ಲೇಡುಗಳನ್ನು ಐಸ್‌ನಿಂದ ಮೇಲೆತ್ತಬೇಕು, ಗದ್ದ ಎದೆಗೆ ಒತ್ತಿ, ಅಂಕಣದ ಸುತ್ತಲಿನ ಮ್ಯಾಟಿಗೆ ಬೆನ್ನೂ ಪೃಷ್ಠವೂ ಅಗಲವಾಗಿ ತಾಗುವ ಹಾಗೆ ತಿರುಗಬೇಕು. ಕಾಲು ಚಾಚಿ ಮ್ಯಾಟಿಗೆ ಒದ್ದರೆ ಕಣಕಾಲು ಅಥವಾ ಮೊಣಕಾಲ ಕೆಳಗಿನ ಎಲುಬು ಮುರಿಯುತ್ತದೆ. ಮನೆಯಲ್ಲಿ ಹಾಸಿಗೆಯನ್ನು ಗೋಡೆಗೆ ಒರಗಿಸಿಟ್ಟು ಬೂಟಿಲ್ಲದೆ ಇದನ್ನು ಅಭ್ಯಾಸ ಮಾಡಿಸಬಹುದು.

ನಿಧಾನವಾಗಿ ಬರುವ ನೋವು ಇನ್ನೊಂದು ಬಗೆ. ವರ್ಷಗಟ್ಟಲೆ ಎಡಕ್ಕೇ ತಿರುಗಿದ ದೇಹ ಎರಡು ಕಡೆಗೂ ಒಂದೇ ಸಮ ಬೆಳೆಯುವುದಿಲ್ಲ. ಸೊಂಟದ ಕೆಳಗಿನ ಬೆನ್ನು, ತೊಡೆಸಂದು, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಈ ಮೂರು ಕಡೆ ನೋವು ಶುರುವಾಗುತ್ತದೆ. ಒಂದೇ ಕಾಲಿನ ಸ್ಕ್ವಾಟ್ ಎರಡೂ ಕಾಲಿಗೆ ಸಮ ಎಣಿಕೆಯಲ್ಲಿ, ಪಕ್ಕದ ಪ್ಲ್ಯಾಂಕ್ ಎರಡೂ ಕಡೆ, ಒಳತೊಡೆಗೆ ವಾರಕ್ಕೆ ಎರಡು ಸಲ ಪ್ರತ್ಯೇಕ ಕೆಲಸ. ಒಂದೇ ಕಾಲಿನ ಜಿಗಿತವನ್ನು ತಿಂಗಳಿಗೊಮ್ಮೆ ಟೇಪ್ ಹಿಡಿದು ಅಳೆಯಿರಿ; ಎರಡು ಕಾಲಿನ ನಡುವೆ ಹತ್ತು ಪ್ರತಿಶತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತಿರುವಿನ ಅಭ್ಯಾಸ ತಗ್ಗಿಸಿ ಬಲ ಸರಿಮಾಡಿಕೊಳ್ಳಬೇಕು. 13ರಿಂದ 15ರ ನಡುವೆ ಎತ್ತರ ಬೇಗ ಬೆಳೆಯುವಾಗ ಭಾರದ ಜಿಗಿತ ಕಡಿಮೆ ಇರಲಿ. ಹೆಣ್ಣುಮಕ್ಕಳಿಗೆ ಕಬ್ಬಿಣಾಂಶದ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಲಿ.

ಸಪ್ತಾಪುರ_ಡ್ರೈಲ್ಯಾಂಡ್
ಉಣಕಲ್ ಸರ, ಇಲ್ಲೇ ಇದ್ದು ಎಷ್ಟು ಆಗ್ತದ ಅಂತ ಕೇಳೀರಿ. ಬಹಳ ಆಗ್ತದ. ರಿಂಕ್ ಪಕ್ಕದಾಗೇ ಇರೋ ದೇಶದವ್ರೂ ಬ್ಯಾಸಗಿ ತರಬೇತಿ ನೆಲದ ಮ್ಯಾಲೇ ಮಾಡ್ತಾರ.

ಸ್ಲೈಡ್ ಬೋರ್ಡ್ ಮಾಡಿಸ್ರಿ, ಅಂದ್ರ ಪಕ್ಕಕ್ಕ ತಳ್ಳಿ ಆ ತುದಿಯಿಂದ ಈ ತುದಿಗೆ ಜಾರೋ ನುಣುಪು ಹಲಗಿ. 8 x 4 ಅಡಿಯ 18 ಮಿ.ಮೀ. ಪ್ಲೈವುಡ್ ಉದ್ದಕ್ಕ ಸೀಳಿಸಿದ್ರ 8 x 2ರ ಎರಡು ಬೋರ್ಡ್ ಆಗ್ತಾವ. ಮ್ಯಾಲೆ ಹೊಳಪಿನ ಸನ್‌ಮೈಕಾ, ಎರಡೂ ತುದಿಗೆ 3 ಇಂಚಿನ ಕಟ್ಟಿಗಿ ಪಟ್ಟಿ, ಅದರ ಒಳಮೈಗೆ ರಬ್ಬರ್. ಪಟ್ಟಿಗೆ ಮಳಿ ಹೊಡೀಬ್ಯಾಡ್ರಿ, ಕೆಳಗಿನಿಂದ ನಟ್-ಬೋಲ್ಟ್ ಹಾಕ್ಸ್ರಿ. ಮಳಿ ಎರಡು ವಾರದಾಗ ಸಡಲಾಗಿ ಪಟ್ಟಿ ಕಿತ್ತು ಬರ್ತದ. ಬೂಟಿನ ಮ್ಯಾಲೆ ಉಣ್ಣಿ ಕಾಲುಚೀಲ ಏರಿಸಿ ಜಾರಬೇಕು. 13 ವರ್ಷದ ಹುಡುಗಿಗೆ ಪಟ್ಟಿಗಳ ನಡುವ ಆರು ಅಡಿ ಸಾಕು. 30 ಸೆಕೆಂಡ್ ಜಾರೋದು, 30 ಸೆಕೆಂಡ್ ಬಿಡೋದು, ಎಂಟು ಸಲ. ಮಂಡಿ ಮೂಲಿ 100-110 ಡಿಗ್ರಿಗಿಂತ ಮ್ಯಾಲೆ ಎದ್ದ ಕ್ಷಣ ಆ ಸೆಟ್ ನಿಲ್ಲಸ್ರಿ. ಎದ್ದು ನಿಂತು ಮಾಡಿದ ಇಪ್ಪತ್ತು ಸೆಟ್‌ಗಿಂತ ಕೆಳಗ ಕೂತು ಮಾಡಿದ ಐದು ಸೆಟ್ ಹೆಚ್ಚಿಂದು.

ತಿರುವಿಗೆ ಬೆಲ್ಟ್. ನಾಲ್ಕು ಇಂಚು ಅಗಲದ ನೈಲಾನ್ ಪಟ್ಟಿ ಸೊಂಟಕ್ಕ, ಅದರಿಂದ ಎರಡು ಮೀಟರ್ ಹಗ್ಗ. ಜೋಡಿದಾರ ಬಲಕ್ಕ ನಿಂತು ಹಗ್ಗ ಬಿಗಿ ಹಿಡೀತಾನ, ಹುಡುಗಿ ಎಡಕ್ಕ ವಾಲಿ ಕ್ರಾಸ್‌ಓವರ್ ಹೆಜ್ಜಿ ಹಾಕ್ತಾಳ. ಬಲಗಾಲು ಎಡಗಾಲಿನ ಮುಂದ ದಾಟೋವಾಗ ಕೆಳಗಿನ ಎಡಗಾಲು ಪೂರ್ತಿ ಚಾಚೋ ತನಕ ತಳ್ಳಬೇಕು, ಬಹಳಷ್ಟು ಮಕ್ಕಳು ಆ ತಳ್ಳೋದನ್ನ ಅರ್ಧಕ್ಕ ಬಿಡ್ತಾರ. ಹಗ್ಗ ಎದಿ ಮಟ್ಟಕ್ಕ ಏರಿದ್ರ ಸೊಂಟದ ಬದ್ಲು ಭುಜ ವಾಲ್ತದ, ಅದಕ್ಕ ಜೋಡಿದಾರನೂ ಕೂತಂಗ ಇರಬೇಕು.

ವಾರ ಹಿಂಗ ಇಡ್ರಿ: ಎರಡು ದಿನ ಸ್ಲೈಡ್ ಬೋರ್ಡ್ ಮತ್ತ ಬೆಲ್ಟ್, ಎರಡು ದಿನ ಇನ್‌ಲೈನ್, ಒಂದು ದಿನ ಸೈಕಲ್, ಒಂದು ದಿನ ಬಲದ ಕೆಲಸ, ಒಂದು ದಿನ ಪೂರ್ತಿ ಬಿಡುವು. ಜೂನ್‌ನಿಂದ ಧಾರವಾಡದ ಮಳಿ ಹಿಡಿದ್ರ ಹೊರಗ ಚಕ್ರ ತಿರಗಂಗಿಲ್ಲ, ಆ ತಿಂಗಳು ಬೋರ್ಡಿನ ದಿನ ಮೂರು ಮಾಡ್ರಿ. ಇನ್‌ಲೈನ್ ಅಭ್ಯಾಸದಾಗ 8-9 ಮೀಟರ್ ತ್ರಿಜ್ಯಕ್ಕ ಏಳು ಕೋನ್ ಇಟ್ಟು ಸಣ್ಣ ಸುತ್ತು ಓಡಿಸ್ರಿ. ಸಿಮೆಂಟಿನ ಮ್ಯಾಲೆ ಧೂಳಿದ್ರ ಇದನ್ನ ಮಾಡಬ್ಯಾಡ್ರಿ, ಮೊದ್ಲು ಕಸ ಹೊಡೀರಿ.

ಉಣಕಲ್_ಪಾಲಕ
ಎಲ್ಲಾರಿಗೂ ಋಣಿ ಅದೀನ್ರಿ. ಎರಡು ಉಳೀತು. ಮೊದಲ ಐಸ್‌ಗೆ ಡೆಹ್ರಾಡೂನ್ ಚಲೋನೋ ಲೇಹ್ ಚಲೋನೋ? ಮತ್ತ ಮುಂದಿನ ಬದುಕಿನ ಮಾತು.

ಎಡತಿರುವು
ಕಲಿಯಲು ಡೆಹ್ರಾಡೂನ್, ಸ್ಪರ್ಧೆಗೆ ಲೇಹ್. ಖೇಲೋ ಇಂಡಿಯಾ ಚಳಿಗಾಲದ ಕೂಟದ ಸ್ಕೇಟಿಂಗ್ 2024ರಿಂದ ಲೇಹ್‌ನಲ್ಲಿ ನಡೆಯುತ್ತಿದೆ, ಕರ್ನಾಟಕದ ಮಕ್ಕಳೂ ಅಲ್ಲಿ ಪದಕ ಗೆದ್ದಿದ್ದಾರೆ. ಆದರೆ ಲೇಹ್ ಸುಮಾರು 3500 ಮೀಟರ್ ಎತ್ತರದಲ್ಲಿದೆ. ನಮ್ಮ ಬಯಲಿನಿಂದ ನೇರ ವಿಮಾನದಲ್ಲಿ ಇಳಿದವರು ಮೊದಲ ಎರಡು-ಮೂರು ದಿನ ಏನೂ ಮಾಡಬಾರದು. ತಲೆನೋವು, ವಾಂತಿ ಇದ್ದರೆ ಸ್ಕೇಟ್ ಕಟ್ಟಿಸಲೇಬೇಡಿ. ಕೆರೆಯ ಐಸ್ ಗಟ್ಟಿ, ಬಿರುಕು ಬಿಡುವಂಥದ್ದು, ಮಣ್ಣಿನ ಕಣವೂ ಇರುತ್ತದೆ, ಅಂಚು ಬೇಗ ಮೊಂಡಾಗುತ್ತದೆ. ಹೊಸಬರಿಗೆ ತಪ್ಪು ತಮ್ಮದೋ ಐಸಿನದೋ ಗೊತ್ತಾಗುವುದಿಲ್ಲ.

ಡೆಹ್ರಾಡೂನಿಗೆ ಹೋಗುವುದಾದರೆ ಮೂರು ದಿನಕ್ಕೆ ಹೋಗಬೇಡಿ. ಮೊದಲ ನಾಲ್ಕೈದು ದಿನ ಅಂಚಿನ ಹಿಡಿತ ಕಲಿಯುವುದಕ್ಕೇ ಬೇಕು. ಎರಡು-ಮೂರು ವಾರದ ಶಿಬಿರ, ವರ್ಷಕ್ಕೆ ಎರಡು-ಮೂರು ಸಲ. ಹೊರಡುವ ಮೊದಲೇ ರಿಂಕ್‌ಗೆ ಫೋನ್ ಮಾಡಿ ಸ್ಪೀಡ್ ಸ್ಕೇಟಿಂಗ್‌ಗೆ ಯಾವ ಹೊತ್ತು ಬಿಡುತ್ತಾರೆ, ಸುತ್ತ ಮ್ಯಾಟ್ ಹಾಕಿರುತ್ತಾರೆಯೇ ಎಂದು ಕೇಳಿ. ಮ್ಯಾಟ್ ಇಲ್ಲದ ಹೊತ್ತಿನಲ್ಲಿ ವೇಗದ ಸುತ್ತು ಓಡಿಸಬಾರದು. ಮಾಲ್‌ಗಳ ಚಿಕ್ಕ ರಿಂಕ್ ಅಂಚಿನ ಅಭ್ಯಾಸಕ್ಕೆ ಆದೀತು, 111 ಮೀಟರಿನ ಸಾಲು ಅಲ್ಲಿ ಹಿಡಿಯುವುದಿಲ್ಲ.

ನಿಯಮವನ್ನು ವಿಡಿಯೊ ನೋಡಿ ಮೊದಲೇ ಕಲಿಸಿ. ದಾಟುವವರದೇ ಹೊಣೆ, ಮುಂದಿರುವವರಿಗೆ ತಮ್ಮ ಸಾಲಿನ ಹಕ್ಕಿದೆ, ಹಾಗೆಂದು ದಾಟುವವರಿಗೆ ಅಡ್ಡ ಬರುವಂತೆ ಸಾಲು ಬದಲಿಸುವಂತಿಲ್ಲ. ಗೆರೆಯ ಬಳಿ ಬ್ಲೇಡನ್ನು ಮುಂದೆ ಚಾಚಬಹುದು, ಐಸ್‌ನಿಂದ ಎತ್ತಿ ಒದೆಯಬಾರದು. ರಿಲೇಯಲ್ಲಿ ಕೊನೆಯ ಎರಡು ಸುತ್ತು ಒಬ್ಬರೇ ಓಡಬೇಕು. ಮೊದಲ ಸ್ಪರ್ಧೆಗಳಲ್ಲಿ ನಮ್ಮ ಮಕ್ಕಳು ಹೊರಬೀಳುವುದು ನಿಧಾನಕ್ಕಿಂತ ಪೆನಾಲ್ಟಿಯಿಂದ ಹೆಚ್ಚು.

ವೃತ್ತಿಯ ಉದ್ದ? ಇಟಲಿಯ ಅರಿಯಾನಾ ಫೊಂಟಾನಾ 2006ರಲ್ಲಿ 15ನೇ ವಯಸ್ಸಿಗೆ ಮೊದಲ ಒಲಿಂಪಿಕ್ ಪದಕ ಪಡೆದು, 2022ರಲ್ಲಿ 31ನೇ ವಯಸ್ಸಿಗೆ 500 ಮೀಟರ್ ಚಿನ್ನ ಗೆದ್ದರು. ಆ ಐದು ಕೂಟಗಳಲ್ಲಿ 11 ಪದಕ. ವಿಕ್ಟರ್ ಆನ್ 2006ರಲ್ಲಿ ಕೊರಿಯಾಕ್ಕೆ ಮೂರು ಚಿನ್ನ ತಂದು, 2008ರಲ್ಲಿ ಮಂಡಿ ಮುರಿದುಕೊಂಡು 2010ರ ಕೂಟ ತಪ್ಪಿಸಿಕೊಂಡು, 2014ರಲ್ಲಿ ರಷ್ಯಾ ಪರ ಮತ್ತೆ ಮೂರು ಚಿನ್ನ ಗೆದ್ದರು. ನಮ್ಮ ಮಕ್ಕಳಿಗೆ ಮೆಟ್ಟಿಲು ಹೀಗೆ: ರಾಷ್ಟ್ರೀಯ ಸ್ಪರ್ಧೆ, ಏಷ್ಯನ್ ಓಪನ್, 19ರೊಳಗಿನ ಜೂನಿಯರ್ ವಿಶ್ವ ಕೂಟ, ಆಮೇಲೆ ವಿಶ್ವ ಟೂರ್. ಒಲಿಂಪಿಕ್ಸ್‌ಗೆ 500 ಮತ್ತು 1000 ಮೀಟರ್‌ಗೆ ತಲಾ 32, 1500ಕ್ಕೆ 36 ಸ್ಥಾನ, ಇಡೀ ಜಗತ್ತಿಗೆ. 13ಕ್ಕೆ ಶುರುಮಾಡಿದವಳು 19-20ಕ್ಕೆ ವಿಶ್ವ ಟೂರ್‌ನ ಮೊದಲ ಸುತ್ತು ದಾಟಿದರೆ ಅದು ದೊಡ್ಡ ಸಾಧನೆ, ಆ ಗುರಿ ಇಟ್ಟುಕೊಳ್ಳಿ. ಆ ಹೊತ್ತಿಗೆ ಹೊರದೇಶದ ತರಬೇತಿ ತಪ್ಪಿದ್ದಲ್ಲ, ಖರ್ಚೂ ಅಲ್ಲೇ ಏರುತ್ತದೆ. ಬಹುಮಾನದ ಹಣದಿಂದ ಬದುಕು ನಡೆಯುವ ಆಟ ಇದಲ್ಲ, ಓದು ನಿಲ್ಲಿಸಬೇಡಿ.

ಹಾವೇರಿ_ಪಿಇ
ಕಾಗದಪತ್ರದ ವಿಷಯ ಸೇರಿಸುತ್ತೇನೆ, ಮಕ್ಕಳು ಎಡವುವುದು ಇಲ್ಲೇ. ಚಕ್ರದ ಆಟಕ್ಕೆ ರೋಲರ್ ಸ್ಕೇಟಿಂಗ್ ಫೆಡರೇಶನ್, ಐಸ್‌ಗೆ ಐಸ್ ಸ್ಕೇಟಿಂಗ್ ಅಸೋಸಿಯೇಶನ್ ಆಫ್ ಇಂಡಿಯಾ. ಎರಡೂ ಬೇರೆ, ನೋಂದಣಿಯೂ ಬೇರೆ. ಒಂದರ ಪ್ರಮಾಣಪತ್ರ ಇನ್ನೊಂದಕ್ಕೆ ನಡೆಯುವುದಿಲ್ಲ.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಪಟ್ಟಿಯಲ್ಲಿ ರೋಲರ್ ಸ್ಕೇಟಿಂಗ್, ಐಸ್ ಸ್ಕೇಟಿಂಗ್ ಎರಡೂ ಇವೆ. ಭಾರತವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 1, ರಾಜ್ಯವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕೂಟಕ್ಕೆ ಫಾರ್ಮ್ 4. ಬರೀ ಪದಕ, ಫೋಟೊ, ಭಾಗವಹಿಸಿದ ಸರ್ಟಿಫಿಕೇಟ್ ಇದ್ದರೆ ಸಾಲದು. ಆ ನಮೂನೆಯಲ್ಲಿ ಪದಾಧಿಕಾರಿಯ ಸಹಿ, ಮೊಹರು ಇರಬೇಕು. ಸ್ಪರ್ಧೆ ಮುಗಿದ ವರ್ಷವೇ ಬರೆಸಿಕೊಳ್ಳಿ, ಪದಾಧಿಕಾರಿಗಳು ಬದಲಾದ ಮೇಲೆ ಅಲೆದಾಟ. ಜನನ ಪತ್ರ, ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ನಾಲ್ಕರಲ್ಲೂ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇರುವುದಿಲ್ಲ, ವೀಸಾ ಹೊತ್ತಿಗೆ ಅದೇ ಕಟ್ಟಿಹಾಕುತ್ತದೆ.

ಗೋಕುಲರೋಡ್_125
16ರ ತನಕ ಎರಡೂ ಮಾಡೋದಾದ್ರ ನಂದೂ ಒಪ್ಪಿಗಿ ಐತ್ರಿ. ಒಂದೇ ಸೇರ್ಸ್ತೀನಿ: ಐಸ್‌ ಶಿಬಿರ ಮುಗಿಸಿ ಬಂದ ವಾರ ಆಕಿಗೆ ಇನ್‌ಲೈನ್ ಟೈಮ್ ಟ್ರಯಲ್ ಇಡಬ್ಯಾಡ್ರಿ. ಕಾಲಿಗೆ ಅಂಚಿನ ನೆನಪಿರ್ತದ, ತಿರುವಿನಾಗ ಚಕ್ರ ಜಾರ್ತಾವ. ಮೂರ್ನಾಲ್ಕು ದಿನ ಸುಮ್ನ ಸುತ್ತು ಹಾಕಸ್ರಿ.

ಬೆಟಗೇರಿ_ಬ್ಲೇಡ್
ರೈಲಿನಾಗ ಒಯ್ಯೋದೂ ಬರೆದು ಬಿಡ್ತೀನಿ. ಐಸ್‌ನಿಂದ ಇಳಿದ ಕೂಡ್ಲೆ ಬ್ಲೇಡ್ ಒರಸ್ರಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಒರಸ್ರಿ, ತಣ್ಣಗಿನ ಉಕ್ಕಿನ ಮ್ಯಾಲೆ ನೀರು ಮತ್ತ ಕೂಡ್ತದ. ಪ್ಲಾಸ್ಟಿಕ್ ಗಾರ್ಡ್ ನಡೀಲಿಕ್ಕೆ ಮಾತ್ರ. ಅದರೊಳಗ ರಾತ್ರಿ ಬಿಟ್ರ ಬೆಳಗಿಗೆ ತುಕ್ಕಿನ ಚುಕ್ಕಿ. ಪ್ರಯಾಣಕ್ಕ ತೆಳ್ಳಗ ಎಣ್ಣಿ ಸವರಿ, ಒಣ ಬಟ್ಟಿ ಚೀಲ ಹಾಕಿ, ಎರಡೂ ಬ್ಲೇಡ್ ಒಂದಕ್ಕೊಂದು ತಾಗದಂಗ ಬಟ್ಟಿಯೊಳಗ ಸುತ್ರಿ. ವಿಮಾನದಾಗ ಕೈಚೀಲದೊಳಗ ಬ್ಲೇಡ್ ಬ್ಯಾಡ, ಲಗೇಜ್‌ಗೆ ಹಾಕ್ರಿ. ಬೋಲ್ಟ್ ಮತ್ತ ವಾಶರ್ ಎರಡು ಜೊತಿ ಹೆಚ್ಚಿಗಿ, ಸರಿ ಅಳತೀ ಅಲೆನ್ ಕೀ ಒಂದು, ಇವನ್ನ ಜಿಗ್ ಡಬ್ಬಿಯೊಳಗೇ ಇಡ್ರಿ. ಡೆಹ್ರಾಡೂನ್‌ನಾಗ ಇಳಿದ ಮ್ಯಾಲೆ ಐಸ್‌ಗೆ ಇಳಿಯೋ ಮುಂಚೆ ಮಾರ್ಕರ್ ಗೆರಿ ಸರಿ ಐತಿ ಅಂತ ನೋಡಿ ನಾಲ್ಕೂ ಬೋಲ್ಟ್ ಬಿಗಿ ಮಾಡ್ರಿ.